ಎರಡೂ ಕೈ

ದಾದರಿನ ಈಜುಕೊಳದ ಹಿಂದೆ ಅಪ್ಪನ ಕ್ಯಾಂಟೀನು.
ಇಡ್ಲಿ ಪಾತ್ರೆಯ ಹಬೆಗೂ ಕ್ಲೋರಿನ್ನಿನ ಘಾಟಿಗೂ
ನಡುವೆ ಒಂದು ತಗಡಿನ ಗೋಡೆ.
ಅದರ ತೂತಿಗೆ ಕಣ್ಣಿಟ್ಟು ತಂಗಿ ಜಲಜಾಕ್ಷಿ
ನೀರು ಕಲಿತಳು, ನೀರಿಗಿಳಿಯುವ ಮೊದಲೇ.

ನಾನೂ ಈಜಿದೆ, ಫ್ರೀಸ್ಟೈಲು, ಎರಡು ವರ್ಷ,
ಮುಖ ಮುಳುಗಿಸಿ, ನೀರನ್ನು ಹೊಡೆದು ಹೊಡೆದು,
ಯಾರ ಮೇಲೋ ಸೇಡು ತೀರಿಸುವವನ ಹಾಗೆ.
ಅವಳದು ಕಪ್ಪೆ ಈಜು.
ಕೈ ಮುಗಿದು ಚಾಚುವುದು, ಬಾಗಿಲು ತೆರೆದಂತೆ ಬಿಡಿಸುವುದು,
ತಲೆಯೆತ್ತಿ ಒಂದು ಗುಟುಕು ಗಾಳಿ,
ಮತ್ತೆ ಕೈ ಮುಗಿಯುವುದು.
"ಎಲ್ಲಕ್ಕಿಂತ ನಿಧಾನದ ಈಜು ಇದು" ಎಂದರು ಪೆಂಢಾರ್ಕರ್ ಸರ್,
"ಅವಸರ ಮಾಡಿದವರು ಇದರಲ್ಲಿ ಸೋಲುತ್ತಾರೆ."
ಮುಂಜಾನೆ ನಾಲ್ಕಕ್ಕೆದ್ದು ಮೂವತ್ತು ತೆಂಗಿನಕಾಯಿ ತುರಿದು ಬಂದ
ಭುಜಗಳಿಗೆ ಎಲ್ಲಿಯ ಅವಸರ?

ಹದಿಮೂರಕ್ಕೆ ಜಿಲ್ಲೆ. ಹದಿನೈದಕ್ಕೆ ರಾಜ್ಯ.
ಪದಕಗಳನ್ನು ಅಮ್ಮ ಅಕ್ಕಿ ಡಬ್ಬಿಯಲ್ಲಿಟ್ಟಳು,
ಚಾಳಿನಲ್ಲಿ ಬೇರೆ ಜಾಗವಿರಲಿಲ್ಲ;
ಒಮ್ಮೆ ನನ್ನ ಅನ್ನದಲ್ಲಿ ರಿಬ್ಬನ್ನಿನ ನೂಲು ಸಿಕ್ಕಿತ್ತು.
ಮೂಲ್ಕಿಯಿಂದ ಬಂದ ಚಿಕ್ಕಪ್ಪ, ದೋಣಿಯವನು, ನಕ್ಕ:
"ದಂಡೆ ಕಾಣುವ ನೀರಲ್ಲಿ ಈಜಿ ಪದಕವೋ!"
"ದಂಡೆ ಕಾಣುವುದೇ ಕಷ್ಟ ಚಿಕ್ಕಪ್ಪ,
ತಲೆಯೆತ್ತಿದಾಗಲೆಲ್ಲ ಅದು ಅಲ್ಲೇ ಇರುತ್ತದೆ."

ಪುಣೆಯ ರಾಷ್ಟ್ರೀಯ ಸ್ಪರ್ಧೆಯಲ್ಲಿ ನೂರು ಮೀಟರು ಗೆದ್ದಳು.
ಮರುವರ್ಷವೂ. ಪತ್ರಿಕೆಯಲ್ಲಿ ಹೆಸರು ತಪ್ಪಾಗಿ ಬಂತು,
ಜಲಜಾಕ್ಷಿ ಕರ್ಕೇರ ಹೋಗಿ ಜಯಶ್ರೀ ಕರ್ಕರೆ.
ಅಪ್ಪ ಅದನ್ನೇ ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ,
ಪೆನ್ನಿನಿಂದ ತಿದ್ದಿ, ಕನ್ನಡದಲ್ಲಿ.

ಮೂರನೆಯ ವರ್ಷ
ಗಡಿಯಾರ ನನ್ನ ಕೈಯಲ್ಲಿತ್ತು. ಅವಳ ಬದುಕಿನ ಅತಿ ವೇಗದ ನೂರು.
ನಾನು ಕೂಗಿಯೇಬಿಟ್ಟಿದ್ದೆ.
ಆಗ ಬಿಳಿ ಅಂಗಿಯ ಒಬ್ಬಾಕೆ ಕೈಯೆತ್ತಿದಳು:
ಗೋಡೆಗೆ ಬಲಗೈ ಮೊದಲು ತಾಗಿತು, ಎಡಗೈ ಆಮೇಲೆ.
ಎರಡೂ ಕೈ ಒಟ್ಟಿಗೆ ತಾಗಬೇಕು. ನಿಯಮ.
ಆಮೇಲೆ ಅಂದರೆ ಎಷ್ಟು ಆಮೇಲೆ?
ಅಷ್ಟು ಸಣ್ಣದನ್ನು ಅಳೆಯಲು ನನ್ನ ಗಡಿಯಾರಕ್ಕೆ ಬರುತ್ತಿರಲಿಲ್ಲ.
ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ
ಅಂಕಿಯಿಲ್ಲ, ಒಂದು ಅಡ್ಡಗೆರೆ.
ನಾನು ಜಗಳಕ್ಕೆ ಹೊರಟೆ. ಅವಳು ಟವೆಲು ಹೊದ್ದು ಅಂದಳು:
"ತಾಗಿದ್ದು ನನ್ನ ಕೈ ಅಣ್ಣ. ನನಗೆ ಗೊತ್ತಿಲ್ಲವೇ?"

ಬಳಿಕ ಮೊಣಕಾಲು.
ಕಪ್ಪೆಗೆ ಕೊಟ್ಟ ತಿರುಗಣಿಯನ್ನು ದೇವರು ಮನುಷ್ಯರಿಗೆ ಕೊಟ್ಟಿಲ್ಲ;
ಸಾಯನ್ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಇಪ್ಪತ್ತೆರಡರ ಹುಡುಗಿಗೆ ಮೆಟ್ಟಿಲು ಕಡಿಮೆ ಹತ್ತಲು ಹೇಳಿದರು.
ಕ್ರೀಡಾ ಕೋಟಾದಲ್ಲಿ ರೈಲ್ವೆ ಕರೆಯಿತು. ಕಪ್ಪು ಕೋಟು,
ಬರೀ ಮೆಟ್ಟಿಲುಗಳ ಕೆಲಸ.

ಆ ಜುಲೈಯಲ್ಲಿ ಊರೆಲ್ಲ ಮುಳುಗಿದಾಗ
ಕುರ್ಲಾದಿಂದ ಎದೆಮಟ್ಟದ ನೀರಲ್ಲಿ ಮನೆಗೆ ಬಂದಳು.
ಚಾಳಿನವರು ಮುತ್ತಿಕೊಂಡರು: ಈಜಿದೆಯಾ? ಎಷ್ಟು ಜನರನ್ನು ಉಳಿಸಿದೆ?
"ಹಗ್ಗ ಹಿಡಿದು ನಡೆದೆ, ಎಲ್ಲರ ಹಾಗೆ.
ತಳ ಕಾಣದ ನೀರಿಗೆ ನಾನು ಚಾಂಪಿಯನ್ ಅಲ್ಲ."
ಆ ರಾತ್ರಿ ಒದ್ದೆ ಅಕ್ಕಿ ಹರವುವಾಗ
ಪದಕಗಳು ಕೈಗೆ ಸಿಕ್ಕವು, ಹಸಿರು ಹಿಡಿದು.

ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು:
ಮಾಟುಂಗದಲ್ಲಿ ಟಿಕೆಟ್ಟಿಲ್ಲದ ಒಬ್ಬ ಹುಡುಗಿ.
ಒದ್ದೆ ಜಡೆ, ಕಣ್ಣ ಸುತ್ತ ಈಜುಕನ್ನಡಕದ ಉಂಗುರ,
ಮೈಯೆಲ್ಲ ಆ ಹಳೆಯ ಘಾಟು.
"ಯಾವ ಸ್ಟ್ರೋಕು?" ಎಂದು ಕೇಳಿದಳಂತೆ.
ಹುಡುಗಿ ಹೆದರಿ, ಬಾಯಿ ಬಿಡದೆ,
ಕೈ ಮುಗಿದು, ಮೆಲ್ಲಗೆ ಬಿಡಿಸಿ ತೋರಿಸಿತಂತೆ.

"ಬಿಟ್ಟೆಯಾ?" ಎಂದೆ.
"ಬಿಡುವುದು ಹೇಗೆ? ದಂಡ ಬರೆದೆ."
ಅನ್ನ ಕಲಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ರಸೀದಿಗೆ ಒಂದೇ ಕೈ ಚಾಚಿದಳು, ಮಂಕು.
ಎರಡೂ, ಅಂದೆ."